ಹಸುವಿನ ಪಾಲಿನ ಎಣ್ಣೆ

ಹೋದ ತಿಂಗಳು ತಿಪಟೂರಿನ ಒಂದು ಆರತಕ್ಷತೆಯಲ್ಲಿ ನನ್ನ ಮಿಮಿಕ್ರಿ ಇತ್ತು. ಜನ ಊಟದ ಪಂಕ್ತಿಗೆ ನುಗ್ಗದಂತೆ ಕುರ್ಚಿಯಲ್ಲಿ ಕೂರಿಸಿಡುವುದು ನನ್ನ ಕೆಲಸ. ಇದುವರೆಗೆ ಯಾರನ್ನೂ ಕೂರಿಸಿಟ್ಟ ದಾಖಲೆಯಿಲ್ಲ. ಎಳನೀರು ಲಾರಿ ಹಿಂದಕ್ಕೆ ಬರುವ ಸದ್ದು, ಕೊಬ್ಬರಿ ಮಂಡಿಯ ದಲ್ಲಾಳಿ, ತುರುವೇಕೆರೆ ಬಸ್ಸಿನ ಕಂಡಕ್ಟರು ಎಲ್ಲ ಮುಗಿಸಿ, "ಈಗ ನಮ್ಮಪ್ಪ" ಅಂದೆ. ಎರಡು ಸಲ ಕೆಮ್ಮಿ, "ನೋಡಪ್ಪಾ, ವಿಷ್ಯ ಏನಪ್ಪಾ ಅಂದ್ರೆ" ಅನ್ನುವಷ್ಟರಲ್ಲಿ ವೇದಿಕೆಯ ಹಿಂದಿನ ಕಿಟಕಿಯಿಂದ ಬೆಂದ ಕೊಬ್ಬರಿಯ ಹಬೆ ಒಳಗೆ ಬಂತು. ಹಿಂಬದಿಯಲ್ಲಿ ಯಾವುದೋ ಎಣ್ಣೆ ಮಿಲ್ಲು.

ಒಣಗಿದ ಕೊಬ್ಬರಿಯ ವಾಸನೆ ನಮ್ಮ ಕಡೆಯವರಿಗೆ ಗಾಳಿಯಿದ್ದ ಹಾಗೆ, ಗೊತ್ತೇ ಆಗುವುದಿಲ್ಲ. ಹಬೆಯಲ್ಲಿ ಬೆಂದದ್ದು ಬೇರೆ. ಸ್ವಲ್ಪ ಸಿಹಿ, ಸ್ವಲ್ಪ ಸೀದ ಹಾಗೆ, ಜ್ವರ ಬಂದವನ ದಿಂಬಿನ ಹಾಗೆ. ವಿಷ್ಯ ಏನಪ್ಪಾ ಅಂದ್ರೆ ಅನ್ನುವುದರಿಂದ ಮುಂದೆ ನನಗೆ ಮಾತೇ ಹೊರಡಲಿಲ್ಲ. ಜನ ಅದನ್ನೂ ಮಿಮಿಕ್ರಿ ಅಂದುಕೊಂಡು ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು.

ಆ ವಾಸನೆ ನಮ್ಮ ಮಿಲ್ಲಿನಲ್ಲಿ ಒಂದೇ ಒಂದು ಮಳೆಗಾಲ ಇತ್ತು.

ಮಾಯಸಂದ್ರದಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಬಸ್‌ಸ್ಟಾಪಿನ ಪಕ್ಕದಲ್ಲೇ ಅಪ್ಪನ ಎಣ್ಣೆ ಮಿಲ್ಲು. ಮಿಲ್ಲು ಅನ್ನುವುದು ಬೋರ್ಡಿನ ಮಾತು. ಇರುವುದು ಒಂದು ತಗಡಿನ ಶೆಡ್ಡು, ಒಂದು ಹಳೆಯ ಯಂತ್ರ, ಒಂದು ತಕ್ಕಡಿ, ಒಬ್ಬ ಅಪ್ಪ, ಮತ್ತೆ ಗೂಡ್ಸ್ ಆಟೋ ಓಡಿಸಲು ಪದವಿ ಪೂರೈಸಿದ ನಾನು. ತಿನ್ನುವ ಉಂಡೆ ಕೊಬ್ಬರಿಯೆಲ್ಲ ತಿಪಟೂರಿಗೆ ಹೋಗುತ್ತದೆ. ಒಡೆದದ್ದು, ಹುಳು ಬಿದ್ದದ್ದು, ಕೌಟಾದದ್ದು ನಮ್ಮಲ್ಲಿಗೆ ಬರುತ್ತದೆ. ತಂದವರು ಪಕ್ಕದಲ್ಲೇ ನಿಂತು ಎಣ್ಣೆ ಬೀಳುವುದನ್ನು ನೋಡಿ, ಎಣ್ಣೆಯನ್ನೂ ಹಿಂಡಿಯನ್ನೂ ಮನೆಗೆ ಒಯ್ಯುತ್ತಾರೆ. ಎಣ್ಣೆ ಅಡಿಗೆಗೆ, ಹಿಂಡಿ ಹಸುವಿಗೆ.

ತಾತನ ಕಾಲದಿಂದ ಒಂದು ಪದ್ಧತಿ ಇತ್ತು. ಎಣ್ಣೆ ಧಾರೆ ಹೋಗಿ ಹನಿಯಾಗುವಾಗ ಯಂತ್ರ ನಿಲ್ಲಿಸುವುದು. ಇನ್ನೂ ಬರುತ್ತಿದೆಯಲ್ಲ ಅಂತ ಯಾರಾದರೂ ಕೇಳಿದರೆ ಅಪ್ಪ ಎರಡು ಸಲ ಕೆಮ್ಮಿ, "ನೋಡಪ್ಪಾ, ವಿಷ್ಯ ಏನಪ್ಪಾ ಅಂದ್ರೆ, ಮಿಕ್ಕಿದ್ದು ಹಸುಗೆ" ಅನ್ನುತ್ತಿದ್ದ. ಹಸುವಿನ ಪಾಲು ಅಂತಲೇ ಅದರ ಹೆಸರು. ನಮ್ಮ ಹಿಂಡಿ ಮುರಿದರೆ ಅಂಗೈ ಮಿರಮಿರ ಮಿಂಚುತ್ತಿತ್ತು. ಹೆಂಗಸರು ಹಿಂಡಿ ಪುಡಿ ಮಾಡಿ ಕಲಗಚ್ಚಿನ ಬಾನಿಗೆ ಹಾಕಿದ ಮೇಲೆ ಎರಡೂ ಕೈ ತಲೆಗೆ ಸವರಿಕೊಳ್ಳುತ್ತಿದ್ದರು. ನಾನು ಅದನ್ನೂ ಬಿಡದೆ ಅನುಕರಣೆ ಮಾಡಿ ತೋರಿಸುತ್ತಿದ್ದೆ. ಅದರಲ್ಲೂ ಗಂಗತ್ತೆಯದು. ಮೊದಲು ಬೈತಲೆ, ಆಮೇಲೆ ತುರುಬು, ಕೊನೆಗೆ ಮಿಕ್ಕ ಜಿಡ್ಡು ಮೊಣಕೈಗೆ.

ಗಂಗತ್ತೆ ನಮಗೆ ನೆಂಟಳಲ್ಲ, ಊರಿಗೆಲ್ಲ ಅತ್ತೆ. ನಮ್ಮೂರಿಗೆ ಡೇರಿ ಬಂದದ್ದೇ ಅವಳಿಂದ. ಮನೆಮನೆಗೆ ಹೋಗಿ, ನೀರು ಬೆರೆಸದೆ ಹಾಲು ಹಾಕಿ ಅಂತ ಹೆಂಗಸರಿಂದ ಮಾತು ತೆಗೆದುಕೊಂಡವಳು. ಸ್ವಂತ ನಾದಿನಿಯ ಹಾಲನ್ನೇ ತೆಳ್ಳಗಿದೆ ಅಂತ ಎಲ್ಲರೆದುರು ವಾಪಸ್ಸು ಕಳಿಸಿದ್ದಳಂತೆ. ನಾದಿನಿ ಇವತ್ತಿಗೂ ಅವಳ ಮನೆಯಲ್ಲಿ ಮಜ್ಜಿಗೆ ಕುಡಿಯುವುದಿಲ್ಲ.

ಆ ವರ್ಷ ಕೊಬ್ಬರಿ ಬರುವುದೇ ನಿಂತಿತು. ಎಳನೀರು ಲಾರಿಗಳು ತೋಟದ ಬಾಗಿಲಿಗೇ ಬಂದು ನಿಲ್ಲುತ್ತಿದ್ದವು. ಕಾಯಿಯನ್ನು ಅಟ್ಟಕ್ಕೆ ಹಾಕಿ, ಕೊಬ್ಬರಿಯಾಗಲೆಂದು ವರ್ಷ ಕಾಯುವವರು ಕಡಿಮೆಯಾದರು. ಬಿಳಿನೊಣ ಬಿದ್ದು ಗರಿಗಳೆಲ್ಲ ಮಸಿ ಬಳಿದ ಹಾಗಾಗಿದ್ದವು, ಕಾಯಿ ಸಣ್ಣಗಾಗಿತ್ತು. ಮೊದಲೆಲ್ಲ ಸರದಿ ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಅಪ್ಪ ತಕ್ಕಡಿ ಒರೆಸುತ್ತ ಕೂತಿರುತ್ತಿದ್ದ. ನಾನು ಅವನ ಮುಂದೆ ಖಾಲಿ ಯಂತ್ರದ ಸದ್ದು ಮಾಡಿ ನಗಿಸಲು ನೋಡುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಆಗ ಬಂದವನು ರೇಣುಕಣ್ಣ, ದೊಡ್ಡಪ್ಪನ ಮಗ. ರಾಜಸ್ಥಾನದ ಮರಳುಗಾಡಿನ ಎಣ್ಣೆ ಬಾವಿಗಳಲ್ಲಿ ಎಷ್ಟೋ ವರ್ಷ ದುಡಿದವನು. ಗುತ್ತಿಗೆ ಮುಗಿದಿತ್ತು, ಮುಂದಿನದು ಸಿಗುವವರೆಗೆ ಊರಲ್ಲಿದ್ದ. ದಿನಾ ಬೆಳಿಗ್ಗೆ ಶೆಡ್ಡಿನ ಬೆಂಚಿನ ಮೇಲೆ ಅವನ ಸಭೆ. ಊರಿನವರಿಗೆಲ್ಲ ಒಂದೇ ಪ್ರಶ್ನೆ.

"ಅಲ್ಲಾ ರೇಣುಕಪ್ಪ, ನೆಲದೊಳಗಿನ ಎಣ್ಣೆ ಮುಗೀತಾ ಬಂತು ಅಂತಾರಲ್ಲ, ನಿಜವೇನಪ್ಪ?"

"ನಾನು ಕೆಲಸಕ್ಕೆ ಸೇರ್ದಾಗ್ಲೂ ಹಂಗೇ ಅಂತಿದ್ರು" ಅನ್ನುತ್ತಿದ್ದ ರೇಣುಕಣ್ಣ. "ಮೊದ್ಲು ಎಣ್ಣೆ ತಾನಾಗೇ ಬತ್ತದೆ. ಅದು ನಿಂತ್ರೆ ಒಳಕ್ಕೆ ನೀರು ನುಗ್ಸಿ ತಳ್ತೀವಿ. ಅದೂ ನಿಂತ್ರೆ ಬಿಸಿನೀರು, ಹಬೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಗಂಜಿ ಥರ ಏನೋ ಕಲಸಿ ಬುಡ್ತೀವಿ. ಸತ್ತೋಯ್ತು ಅಂತ ಬುಟ್ಟಿದ್ದ ಬಾವಿ ಎದ್ದು ಕೂತಿದ್ದ ನಾನೇ ಕಣ್ಣಾರೆ ನೋಡಿದೀನಿ."

"ಹಂಗಾದ್ರೆ ಮುಗಿಯಲ್ಲ ಅನ್ನು."

"ಮುಗಿಯೋ ದಿನ ಮುಂದಕ್ಕೆ ಹೋಗ್ತದೆ ಕಣಣ್ಣ. ಆ ಮುಂದಕ್ಕೆ ಹೋಗೋದೇ ನನ್ ಸಂಬಳ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕೆಮ್ಮಿದ. "ನೋಡಪ್ಪಾ, ವಿಷ್ಯ ಏನಪ್ಪಾ ಅಂದ್ರೆ, ನೆಲಕ್ಕೇ ಹಬೆ ಕೊಡಬೌದು ಅಂದ್ರೆ ಕೊಬ್ಬರಿಗೆ ಕೊಡಕ್ಕಾಗಲ್ವಾ?"

ಆ ಪ್ರಶ್ನೆಯೇ ಆಷಾಢದಲ್ಲಿ ಹೊಸ ಯಂತ್ರವಾಗಿ ಬಂತು. ಕೊಬ್ಬರಿ ಪುಡಿಯನ್ನು ಹಬೆಯಲ್ಲಿ ಬೇಯಿಸುವ ಒಂದು ಹಂಡೆ, ಅದರ ಕೆಳಗೆ ಬಿಗಿಯಾದ ತಿರುಗಣಿ. ಒಂದು ಸಲ ಹಿಂಡಿ, ಮಿಕ್ಕ ಹಿಂಡಿಯನ್ನು ಮತ್ತೆ ಬೇಯಿಸಿ ಎರಡನೆಯ ಸಲ ಹಿಂಡುವುದು. ಪೂಜೆಯ ದಿನ ಹಳೆಯ ಯಂತ್ರದಲ್ಲಿ ತೆಗೆದಾಗಿದ್ದ ಹಿಂಡಿಯನ್ನೇ ಅಪ್ಪ ಹಂಡೆಗೆ ಸುರಿದ. ಸ್ವಲ್ಪ ಹೊತ್ತಿಗೆ ಕೆಳಗಿನ ಕೊಳವೆಯಲ್ಲಿ ಎಣ್ಣೆ ಇಣುಕಿತು. ಜನ ಬಗ್ಗಿ ನೋಡಿದರು. ಎಲ್ಲರ ಕಣ್ಣಿಗೂ ಅದು ಗಾಳಿಯಿಂದಲೇ ಬಂದ ಎಣ್ಣೆ. ರೇಣುಕಣ್ಣನ ಮುಖ ಆವತ್ತು ಮದುಮಗನ ಮುಖ.

ಮಳೆ ಹಿಡಿಯಿತು, ಸರದಿಯೂ ಹಿಡಿಯಿತು. ಅರಳಗುಪ್ಪೆ ಕಡೆಯಿಂದ, ಬೋರನಕಣಿವೆ ಕಡೆಯಿಂದಲೂ ಚೀಲ ಬರತೊಡಗಿದವು. ಕೊಬ್ಬರಿ ಕಡಿಮೆ, ಎಣ್ಣೆ ಮಾತ್ರ ಮೊದಲಿನಷ್ಟೇ. ಇದಕ್ಕಿಂತ ಏನು ಬೇಕು. ಗಂಗತ್ತೆಯೂ ಒಂದು ಚೀಲ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಯಂತ್ರದ ಪಕ್ಕ ನಿಂತಳು.

"ಸಾಕೇನಮ್ಮ?" ಅಂದ ಅಪ್ಪ.

"ಇನ್ನೊಂದ್ಸಲ ಬುಡಿ ಅಣ್ಣಯ್ಯ. ಎಲ್ಲಾರ್ಗೂ ಬುಟ್ಟಿದ್ದೀರಿ, ನನ್ ಚೀಲ ಏನು ಪಾಪ ಮಾಡಿತ್ತು?"

ಹಸುವಿನ ಪಾಲು ಅಂತ ಆ ಮಳೆಗಾಲದಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಿಲ್ಲಿಸಬೇಕಾದ ಅಪ್ಪನೂ ಅನ್ನಲಿಲ್ಲ, ನಿಲ್ಲಿಸು ಅನ್ನಬೇಕಾದವರೂ ಅನ್ನಲಿಲ್ಲ. ಹಸು ಮಿಲ್ಲಿಗೆ ಬರುವುದಿಲ್ಲವಲ್ಲ.

ಶ್ರಾವಣದ ಒಂದು ಸಂಜೆ ಡೇರಿಯ ಮುಂದೆ ಆಟೋ ನಿಲ್ಲಿಸಿಕೊಂಡಿದ್ದೆ. ಗಂಗತ್ತೆ ಹಾಲು ಸುರಿದಳು. ಡೇರಿಯ ಕಾರ್ಯದರ್ಶಿ ಜಿಡ್ಡು ಅಳೆಯುವ ಯಂತ್ರ ನೋಡಿ ತಲೆ ಎತ್ತಿದ.

"ಏನ್ ಗಂಗಕ್ಕ, ಇವತ್ತೂ ಜಿಡ್ಡೇ ಇಲ್ಲ. ಕೆನೆ ಯಾರಿಗೆ ತೆಗ್ದಿಟ್ಟಿದ್ದೀಯ?"

"ಕೆನೆ ತೆಗಿಯೋಳು ನಾನೇನಪ್ಪ?"

"ಯಂತ್ರ ಹೇಳ್ತದಲ್ಲ. ಮಗಳು ಬಾಣಂತನಕ್ಕೆ ಬಂದವ್ಳೆ ಅಂತ ಊರಿಗೇ ಗೊತ್ತು. ಅವಳಿಗೆ ತುಪ್ಪ, ನಮಗೆ ಮಜ್ಜಿಗೆ ನೀರು."

ಸರದಿಯಲ್ಲಿದ್ದ ಹೆಂಗಸರು ನಕ್ಕರು. ಎಲ್ಲರಿಗಿಂತ ಮೊದಲು ನಕ್ಕದ್ದು ನಾದಿನಿ. ಮೇಲಿನವರು ಬಂದು ನೋಡುವವರೆಗೆ ಹಾಲು ಹಾಕಬೇಡ ಅಂದುಬಿಟ್ಟ ಕಾರ್ಯದರ್ಶಿ. ಗಂಗತ್ತೆ ಕ್ಯಾನು ಎತ್ತಿಕೊಂಡು, ಅದು ತುಂಬಿದ್ದರೂ ಖಾಲಿಯಿದ್ದ ಹಾಗೆ ಬೀಸಿಕೊಂಡು ನಡೆದಳು. ಆ ನಡಿಗೆಯನ್ನು ನಾನು ಅಲ್ಲೇ, ಅವಳು ತಿರುವು ದಾಟುವ ಮೊದಲೇ ಮಾಡಿ ತೋರಿಸಿದೆ. "ಕೆನೆ ತೆಗಿಯೋಳು ನಾನೇನಪ್ಪ" ಅಂತ ದನಿಯನ್ನೂ ಸೇರಿಸಿದೆ. ಆವತ್ತು ಸಿಕ್ಕಷ್ಟು ನಗು ನನಗೆ ಯಾವ ಮದುವೆಯಲ್ಲೂ ಸಿಕ್ಕಿಲ್ಲ.

ಮೂರೋ ನಾಲ್ಕೋ ದಿನ ಕಳೆದು, ಹಿಂಡಿ ಚೀಲ ಇಳಿಸಲು ನಾನೂ ರೇಣುಕಣ್ಣನೂ ಅವಳ ಮನೆಗೆ ಹೋದೆವು. ಮಳೆ ನಿಂತು ಬಿಸಿಲು ಬಂದಿತ್ತು. ಹಸು ಕೊಟ್ಟಿಗೆಯಿಂದ ಕತ್ತು ಚಾಚಿತು.

"ಹಾಲು ಏನ್ ಮಾಡ್ತೀಯ ಅತ್ತೆ?" ಅಂದೆ.

"ಏನ್ ಮಾಡ್ಲಿ. ಮಗಳು ಕುಡೀತಾಳೆ, ನಾಯಿ ಕುಡೀತದೆ. ಡೇರಿಗೆ ಹೋಗದಿದ್ರೆ ಸಂಜೆ ಹೊತ್ತು ಕೈಕಾಲೇ ಆಡಲ್ಲ ಕಣ್ಲಾ. ಹೆಂಗಸ್ರು ನನ್ ಮನೆ ಮುಂದೆ ಹೋಗೋವಾಗ ಮಾತು ನಿಲ್ಲಿಸ್ತಾರೆ. ನಾನು ಒಬ್ಬೊಬ್ರ ಮನೆಗೂ ಹೋಗಿ ಆಣೆ ಹಾಕ್ಸಿದ್ದೋಳು."

ಮಾತಾಡುತ್ತಲೇ ಚೀಲ ಬಿಚ್ಚಿ ಹಿಂಡಿ ತೆಗೆದಳು. ಮುರಿಯುವುದೇ ಬೇಕಾಗಲಿಲ್ಲ. ಕೈಯಲ್ಲಿ ಹಿಡಿದರೆ ಬೂದಿಯಾಗಿ ಉದುರಿತು. "ಈಗೀಗ ಹಿಂಡಿ ಹಿಟ್ಟಾಗೇ ಬತ್ತದೆ. ಒಳ್ಳೇದೇ ಆಯ್ತು, ಕುಟ್ಟೋ ಕೆಲ್ಸ ತಪ್ತು" ಅಂದಳು. ಆಮೇಲೆ ಎರಡೂ ಕೈ ತಲೆಗೆ ಹೋದವು. ಮೊದಲು ಬೈತಲೆ, ಆಮೇಲೆ ತುರುಬು, ಕೊನೆಗೆ ಮೊಣಕೈ. ನಾನು ನೂರು ಸಲ ಮಾಡಿ ತೋರಿಸಿದ್ದ ಅದೇ ಕ್ರಮ. ಕೈಯಲ್ಲಿ ಜಿಡ್ಡಿರಲಿಲ್ಲ. ಕೈ ಹೋದಲ್ಲೆಲ್ಲ ಕೂದಲ ಮೇಲೆ ಬಿಳಿ ಪುಡಿ ಕೂತಿತು.

ನಾನು ರೇಣುಕಣ್ಣನ ಮುಖ ನೋಡಿದೆ. ಅವನು ಬಗ್ಗಿ ಒಂದು ಚಿಟಿಕೆ ಹಿಂಡಿ ತೆಗೆದು ಬೆರಳಲ್ಲಿ ತಿಕ್ಕಿ, ಬಾಯಿಗೆ ಹಾಕಿಕೊಂಡು ಉಗಿದ. ಆಟೋದಲ್ಲಿ ಹೋಗಿ ಕೂತ.

ಊರ ಹೊರಗಿನ ಕೆರೆ ಏರಿಯ ಮೇಲೆ ಬಾಯಿ ಬಿಟ್ಟ. "ಬೇರೆಯೋರು ಚೀಲದ್ ಫೀಡು, ಬೂಸ, ಎಲ್ಲಾ ಹಾಕ್ತಾರೆ. ಇವಳು ನಮ್ ಹಿಂಡಿ ಒಂದನ್ನೇ ನಂಬ್ಕಂಡವಳೆ. ಹಾಲಲ್ಲಿ ಜಿಡ್ಡು ಎಲ್ಲಿಂದ ಬಂದೀತು?"

"ಮರಳುಗಾಡಲ್ಲೂ ಹಿಂಗೇನಾ?"

"ಅಲ್ಲೂ ನೀರು ಒಳಗೆ ಬುಡ್ತೀವಿ ಅಂದ್ನಲ್ಲ. ಆ ನೀರು ಎಲ್ಲಿದು ಅಂತ ಬೆಂಚಿನ ಮೇಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹಬೆ ಮಾಡಕ್ಕೆ ಉರಿಸೋದು ಏನ್ನ ಅಂತ್ಲೂ ಕೇಳ್ಲಿಲ್ಲ. ದಿನ ಮುಂದಕ್ಕೆ ಹೋಗೋದು ಸುಳ್ಳಲ್ಲ ಕಣ್ಲಾ. ಅದನ್ನ ಯಾರಾದ್ರೂ ಹೊತ್ಕಂಡೇ ಹೋಗ್ಬೇಕು."

ಅಪ್ಪನಿಗೆ ಹೇಳಿದೆವು. ಅಪ್ಪ ಕೆಮ್ಮಿದ. ಮಳೆಗಾಲದ ಹಸಿ ಹುಲ್ಲಿಗೆ ಜಿಡ್ಡು ಇಳಿಯುವುದು ಇದ್ದದ್ದೇ ಅಂದ. ಹಸುವಿಗೆ ವಯಸ್ಸಾಯಿತು ಅಂದ. ಕೊನೆಗೆ, "ಅವಳೇ ನಿಂತ್ಕಂಡು ಇನ್ನೊಂದ್ಸಲ ಬುಡಿ ಅಂದ್ಲಲ್ಲಯ್ಯ" ಅಂದ. ಅದೂ ನಿಜವೇ. ಆದರೆ ಹೇಳುವಾಗ ಅಪ್ಪ ಖಾಲಿ ತಕ್ಕಡಿಯನ್ನು ಒರೆಸುತ್ತಿದ್ದ.

"ಡೇರಿಗೆ ಬಂದು ಒಂದು ಮಾತು ಹೇಳು ಸಾಕು" ಅಂದೆ.

"ಹೇಳಿದ್ರೆ ನಾಳೆಯಿಂದ ಈ ಶೆಡ್ಡಿಗೆ ಯಾರ್ ಬತ್ತಾರೆ? ನೀನು ಸದ್ದು ಮಾಡ್ಕಂಡು ಕೂತ್ಕಂತೀಯ?"

ಆ ಸಂಜೆ ನಾನೇ ಡೇರಿಗೆ ಹೋದೆ. ಸರದಿಯ ಮುಂದೆ ನಿಂತು ಹೇಳಿದೆ. ಗಂಗತ್ತೆ ಕೆನೆ ತೆಗೆದಿಲ್ಲ, ನಮ್ಮ ಯಂತ್ರ ಹಿಂಡಿಯಲ್ಲಿ ಜಿಡ್ಡು ಉಳಿಸುತ್ತಿಲ್ಲ, ತಪ್ಪು ನಮ್ಮ ಮಿಲ್ಲಿನದು.

ಕಾರ್ಯದರ್ಶಿ ನಗುತ್ತ ಕೇಳಿದ. "ಯಾರ್ ದನಿಲಾ ಇದು?"

"ನಂದೇ."

"ಗೊತ್ತಾಗ್ಲಿಲ್ಲ ಬುಡು. ಶಾಲೆ ಮೇಷ್ಟ್ರುದಾ?"

"ಇವ್ನ ದೊಡ್ಡಪ್ಪನ ದನಿ ಇರ್ಬೇಕು" ಅಂದಳು ನಾದಿನಿ. "ಇನ್ನೊಂದ್ಸಲ ಮಾಡು ಕಣ್ಲಾ ಶಿವು."

ಇನ್ನೊಂದು ಸಲ ಹೇಳಿದೆ. ದನಿ ಎತ್ತಿ ಹೇಳಿದೆ, ಇಳಿಸಿ ಹೇಳಿದೆ, ಕಣ್ಣಲ್ಲಿ ನೀರು ಬರುವವರೆಗೆ ಹೇಳಿದೆ. ಅಷ್ಟಕ್ಕೂ ಚಪ್ಪಾಳೆ ಬಿತ್ತು. ಊರಿನವರೆಲ್ಲರ ದನಿ ನನ್ನ ಗಂಟಲಲ್ಲಿತ್ತು. ನನ್ನದು ಯಾವುದು ಅಂತ ಊರಿಗೆ ಗುರುತಿರಲಿಲ್ಲ. ಕಿವಿ ಬಿಸಿಯಾಗಿ ಮನೆಗೆ ಬಂದೆ. ಅಷ್ಟು ನಾಚಿಕೆ ಬಟ್ಟೆ ಬಿಚ್ಚಿ ನಿಲ್ಲಿಸಿದ್ದರೂ ಆಗುತ್ತಿರಲಿಲ್ಲ.

ಮಾರನೆಯ ದಿನ ಸಂಜೆ ಕರೆಂಟು ಹೋಗಿತ್ತು. ಅಪ್ಪ ಟೀ ಕುಡಿಯಲು ಮನೆಗೆ ಹೋಗಿದ್ದ, ಅವನ ಫೋನು ತಕ್ಕಡಿಯ ತಟ್ಟೆಯಲ್ಲಿತ್ತು. ಹಾಲು ಹಾಕುವ ಹೊತ್ತು. ಕಾರ್ಯದರ್ಶಿಯ ನಂಬರು ಒತ್ತಿದೆ.

ಎರಡು ಸಲ ಕೆಮ್ಮಿದೆ. ಗಾಬರಿಗೆ ಮೂರನೆಯದೂ ಬಂತು. "ನೋಡಪ್ಪಾ, ವಿಷ್ಯ ಏನಪ್ಪಾ ಅಂದ್ರೆ" ಅಂದೆ. ಅಲ್ಲಿಯವರೆಗೆ ದಾರಿ ಸವೆದದ್ದೇ. ಗಂಗಮ್ಮನ ಹಾಲಿನಲ್ಲಿ ಮೋಸವಿಲ್ಲ, ಹಸುವಿನ ಪಾಲನ್ನು ನಾವೇ ಹಿಂಡಿಕೊಂಡೆವು ಅಂದೆ. ಆಮೇಲೆ "ತಪ್ಪಾಯ್ತು" ಅನ್ನಬೇಕಿತ್ತು. ಅಲ್ಲಿ ನಿಂತುಬಿಟ್ಟೆ. ಅಪ್ಪ ಆ ಮಾತು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾವ ಅಕ್ಷರ ಎಳೆಯುತ್ತಾನೆ, ಎಲ್ಲಿ ಉಸಿರು ಬಿಡುತ್ತಾನೆ, ಗೊತ್ತಿಲ್ಲ. ಒಂದು ಅಂದಾಜಿನಲ್ಲಿ, ನಾಟಕದ ರಾಜನ ಹಾಗೆ ಗಂಭೀರವಾಗಿ ಹೇಳಿ ಫೋನಿಟ್ಟೆ.

ಹಾಲು ಅಳೆಯುವಾಗ ಕೈ ಒದ್ದೆಯಿರುತ್ತದೆಂದು ಕಾರ್ಯದರ್ಶಿ ಎಲ್ಲ ಫೋನನ್ನೂ ಸ್ಪೀಕರಿಗೇ ಹಾಕುತ್ತಾನೆ. ಅದು ನನಗೆ ತಿಳಿದದ್ದು ಮಾರನೆಯ ಬೆಳಿಗ್ಗೆ. ಬಾಗಿಲು ತೆಗೆಯುವ ಮೊದಲೇ ಶೆಡ್ಡಿನ ಮುಂದೆ ಏಳೆಂಟು ಜನ ಇದ್ದರು. ಜಗಳಕ್ಕೆ ಬಂದವರ ಹಾಗೆ ಕಾಣಲಿಲ್ಲ.

"ಬಿಡಿ ಅಣ್ಣಯ್ಯ" ಅಂದ ಮುಂದಿದ್ದವನು, "ಫೋನಲ್ಲಿ ಎಲ್ಲಾರ್ ಮುಂದೆ ಹಂಗೆ ಒಪ್ಕಣಕ್ಕೂ ಎದೆ ಬೇಕು. ನಮ್ ಹಸ ಯಾಕೆ ಹಂಗಾಯ್ತು ಅಂತ ನಮಗೂ ತಿಳೀತಿರ್ಲಿಲ್ಲ. ಇವತ್ತಿಂದ ಒಂದೇ ಸಲ ಹಿಂಡಿಕೊಡಿ."

ಅಪ್ಪ ಕೀಲಿ ಹಿಡಿದುಕೊಂಡು ನಿಂತ. ಅವರನ್ನು ನೋಡಿದ, ಫೋನು ನೋಡಿದ, ಆಮೇಲೆ ನನ್ನನ್ನು ನೋಡಿದ. ಒಂದು ಮಾತಿನಲ್ಲಿ ನನ್ನ ಮಾನ ತೆಗೆಯಬಹುದಿತ್ತು. ಕೆಮ್ಮಿದ ಅಷ್ಟೆ. "ಹ್ಞೂಂ. ಒಂದೇ ಸಲ" ಅಂದ.

ಅವರೆಲ್ಲ ಹೋದ ಮೇಲೆ ಹಂಡೆಯ ಪಕ್ಕ ಕರೆದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಫೋನಲ್ಲಿ ನಾನು ಏನಂದೆ?" ಅಂದ.

"ಅಪ್ಪಾ, ಅದು..."

"ಏನಂದೆ ಹೇಳ್ಲಾ. ಜನ ಕೇಳಿದ್ರೆ ನನಗೆ ಗೊತ್ತಿರ್ಬೇಕಲ್ಲ."

ಹೇಳಿದೆ. ಅವನ ದನಿ ಮಾಡದೆ, ಒಪ್ಪಿಸುವ ಹಾಗೆ ಹೇಳಿದೆ. ಅವನು ನೆಲ ನೋಡಿಕೊಂಡು ಕೇಳಿಸಿಕೊಂಡ. ಮಧ್ಯದಲ್ಲಿ ಒಂದು ಸಲ, "ಹಸುವಿನ ಪಾಲು ಅಂತ ಅಂದ್ನಾ?" ಅಂತ ಕೇಳಿದ. "ಅಂದೆ" ಅಂದೆ. ಪಂಚೆ ಸರಿಮಾಡಿಕೊಂಡು, "ನಡಿ" ಅಂದ.

ಗಂಗತ್ತೆ ಅಂಗಳದಲ್ಲಿ ಕ್ಯಾನು ತೊಳೆಯುತ್ತಿದ್ದಳು. ಬೆಳಿಗ್ಗೆ ಡೇರಿಯಿಂದ ಕರೆ ಬಂದು ಹಾಲು ಹಾಕಿ ಬಂದಿದ್ದಳು. ಸಾಲದ್ದಕ್ಕೆ ನಾದಿನಿ ಸರದಿಯಲ್ಲಿ ತನ್ನ ಮುಂದೆ ಜಾಗ ಬಿಟ್ಟಿದ್ದಳಂತೆ. ನಮ್ಮನ್ನು ನೋಡಿ ಎದ್ದಳು. ನಾನು ಬೇಲಿಯ ಹತ್ತಿರವೇ ನಿಂತೆ.

ಅಪ್ಪ ಎರಡು ಸಲ ಕೆಮ್ಮಿದ. "ನೋಡಮ್ಮಾ, ವಿಷ್ಯ ಏನಪ್ಪಾ ಅಂದ್ರೆ" ಅಂದ. ನಾನು ಹೇಳಿಕೊಟ್ಟ ಮಾತುಗಳನ್ನೇ, ಅದೇ ಸಾಲಿನಲ್ಲಿ, ಪಾಠ ಒಪ್ಪಿಸುವವನ ಹಾಗೆ ಹೇಳುತ್ತ ಹೋದ. ಹಸುವಿನ ಪಾಲಿನವರೆಗೆ ಬಂದ. ನಿಂತ. ನಾನು ನಿಂತ ಜಾಗವೂ ಅದೇ.

"ತಪ್ಪಾಯ್ತು ಕಣವ್ವಾ" ಅಂದ.

ಅದು ರಾಜನ ದನಿಯಲ್ಲ. ಗಂಭೀರವೂ ಅಲ್ಲ. ತೊದಲುವ ಮಗುವಿನ ಹಾಗೆ ತೆಳ್ಳಗೆ, ಕೊನೆಯ ಅಕ್ಷರ ಕೇಳಿಸದ ಹಾಗೆ ಬಂತು. ನಾನು ಅಂದಾಜು ಮಾಡಿದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಗಂಗತ್ತೆ ಕ್ಯಾನು ಬೋರಲು ಹಾಕಿದಳು. "ಇನ್ನೊಂದ್ಸಲ ಬುಡಿ ಅಂದೋಳು ನಾನೇ ಅಲ್ವಾ ಅಣ್ಣಯ್ಯ" ಅಂದಳು. "ಕೂತ್ಕಳಿ, ಟೀ ಕಾಯಿಸ್ತೀನಿ. ಹಾಲು ಇನ್ನೂ ತೆಳ್ಳಗೇ ಅದೆ, ಬೈಕೋಬೇಡಿ." ಒಳಗೆ ಹೋಗುವಾಗ ಬೇಲಿಯ ಕಡೆ ತಿರುಗಿದಳು. "ಲೇ ಶಿವು, ನಿಮ್ಮಪ್ಪ ಕೆಮ್ಮೋದು ಎರಡೇ ಸಲ. ಫೋನಲ್ಲಿ ಮೂರು ಸಲ ಕೆಮ್ಮಿದ್ರಂತಲ್ಲ."

ಅಪ್ಪ ಆಗ ನಕ್ಕ. ಆ ವರ್ಷ ಅವನು ನಕ್ಕದ್ದು ಅದೊಂದೇ ಸಲ ಇರಬೇಕು.

ಹಂಡೆ ಈಗ ಹಿತ್ತಿಲಿನಲ್ಲಿದೆ, ಅಮ್ಮ ಅದರಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಾಳೆ. ರೇಣುಕಣ್ಣ ಮತ್ತೆ ಮರಳುಗಾಡಿಗೆ ಹೋದ, ಬಾವಿಗಳು ಇನ್ನೂ ಎದ್ದು ಕೂರುತ್ತಿವೆಯಂತೆ. ಶೆಡ್ಡಿಗೆ ಕೊಬ್ಬರಿ ಕಡಿಮೆಯೇ ಬರುತ್ತದೆ, ಅಪ್ಪ ಹನಿ ಕಂಡಲ್ಲಿಗೆ ನಿಲ್ಲಿಸುತ್ತಾನೆ. ನಾನು ಅವನ ಕೆಮ್ಮನ್ನು, ಅವನ ವಿಷ್ಯವನ್ನು ಮದುವೆ ಮದುವೆಗೂ ಮಾಡಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದೇನೆ. ಅಂಗಳದಲ್ಲಿ ತಪ್ಪಾಯ್ತು ಅಂದ ಆ ಒಂದು ದನಿ ನನಗೆ ಪೂರ್ತಿ ಬರುತ್ತದೆ, ಕೊನೆಯ ಅಕ್ಷರ ಕೇಳಿಸದ ಹಾಗೆ ಬಿಡುವುದೂ ಬರುತ್ತದೆ. ಆಟೋ ಓಡಿಸುವಾಗ, ಕೆರೆ ಏರಿಯ ಮೇಲೆ ಯಾರೂ ಇಲ್ಲದಾಗ ಮಾಡಿ ನೋಡಿದ್ದೇನೆ. ಪ್ರತಿ ಸಲವೂ ಅದು ನನ್ನದೇ ದನಿಯ ಹಾಗೆ ಕೇಳಿಸುತ್ತದೆ.